ಬಂದ ಪ್ರತಿ ರೋಬೋಟೂ ಓಡಬೇಕು: ನಮ್ಮೂರಲ್ಲೇ ಮಕ್ಕಳ ರೋಬೋಟ್ ಸ್ಪರ್ಧೆ ಮಾಡುವುದು ಹೇಗೆ

ಮೊದಲ ವರ್ಷ ನಾವು ಕೋಲಾರದಲ್ಲಿ ಸ್ಪರ್ಧೆ ಮಾಡಿದಾಗ 22 ತಂಡ ಬಂದಿದ್ದವು. ಬ್ಯಾನರ್ ಚೆನ್ನಾಗಿತ್ತು, ಟ್ರೋಫಿ ಎರಡಡಿ ಎತ್ತರ ಇತ್ತು, ಊಟಕ್ಕೆ ಹೋಳಿಗೆ ಹಾಕಿಸಿದ್ದೆವು. ಆದರೆ ಒಂಬತ್ತು ರೋಬೋಟ್ ಇಟ್ಟ ಜಾಗದಿಂದ ಅಲುಗಲೇ ಇಲ್ಲ. ಶ್ರೀನಿವಾಸಪುರದ ಕಡೆಯಿಂದ ಬೆಳಿಗ್ಗೆ ಆರರ ಬಸ್ಸು ಹಿಡಿದು ಬಂದಿದ್ದ ಮೂವರು ಹುಡುಗಿಯರು, ಎರಡು ತಿಂಗಳು ಕೂತು ಮಾಡಿದ ಗಾಡಿಯನ್ನು ಟ್ರ್ಯಾಕ್ ಮೇಲಿಟ್ಟು, ಸ್ವಿಚ್ ಒತ್ತಿ, ಕಾದು, ಮತ್ತೆ ಒತ್ತಿ, ಆಮೇಲೆ ಯಾರ ಮುಖವನ್ನೂ ನೋಡದೆ ಎತ್ತಿಕೊಂಡು ಹೋದರು. ಕಾರಣ ಏನು ಗೊತ್ತಾ? ಗೋಡೆ ಗಡಿಯಾರಕ್ಕಿಂತ ಸ್ವಲ್ಪ ಜಾಸ್ತಿ ಕೆಲಸ ಮಾಡಬಲ್ಲ 9 ವೋಲ್ಟಿನ ಪುಟ್ಟ ಚೌಕ ಬ್ಯಾಟರಿ. ಅದರಿಂದ ಎರಡು ಮೋಟಾರ್ ಎಳೆಯೋಕೆ ಆಗಲ್ಲ. ಮೋಟಾರ್ ತಿರುಗೋಕೆ ಶುರುವಾದ ಕೂಡಲೇ ವೋಲ್ಟೇಜ್ ಬಿದ್ದು, ಗಾಡಿಗೆ ಮಿದುಳಿನ ಹಾಗಿರುವ ಬೋರ್ಡ್ ರೀಸೆಟ್ ಆಗುತ್ತದೆ, ಮತ್ತೆ ಏಳುತ್ತದೆ, ಮತ್ತೆ ಬೀಳುತ್ತದೆ.

ತಪ್ಪು ಆ ಮಕ್ಕಳದ್ದಲ್ಲ, ನಮ್ಮದು. ನಿಯಮದ ಹಾಳೆಯಲ್ಲಿ "ಆ ಬ್ಯಾಟರಿ ಬೇಡ" ಅಂತ ಒಂದು ಸಾಲು ಬರೆದಿದ್ದರೆ ಸಾಕಿತ್ತು.

ಅವತ್ತಿನಿಂದ ನಾನು ಯಾವ ನಿಯಮ ಬರೆದರೂ ಒಂದೇ ಪ್ರಶ್ನೆ ಕೇಳಿಕೊಳ್ಳುತ್ತೇನೆ: ಇದರಿಂದ ಆ ಮೂವರ ಗಾಡಿ ಓಡುತ್ತದಾ, ಇಲ್ವಾ? ಯಾರು ಗೆಲ್ಲುತ್ತಾರೆ ಅನ್ನೋದು ಆಮೇಲಿನ ಮಾತು. ನಿಮ್ಮ ತಾಲ್ಲೂಕಲ್ಲೋ ಹೋಬಳಿಯಲ್ಲೋ ಇಂಥದ್ದೊಂದು ಸ್ಪರ್ಧೆ ಮಾಡಬೇಕು ಅಂತಿದ್ದರೆ, ನಾವು ಎಡವಿ ಎಡವಿ ಕಲಿತದ್ದನ್ನು ಇಲ್ಲಿ ಸಾಲಾಗಿ ಹೇಳುತ್ತೇನೆ.

ಮೊದಲು ತಾರೀಖು, ಆಮೇಲೆ ಉಳಿದದ್ದು

ನವೆಂಬರ್‌ನಲ್ಲಿ ಮಾಡೋಣ ಅಂತ ಎಲ್ಲರಿಗೂ ಅನಿಸುತ್ತದೆ. ಮಕ್ಕಳ ದಿನಾಚರಣೆ ಇರುತ್ತದಲ್ಲ. ಆದರೆ ಆಗ ಮದುವೆ ಸೀಸನ್, ಒಳ್ಳೆ ಛತ್ರ ಸಿಗಲ್ಲ, ಸಿಕ್ಕರೂ ಬಾಡಿಗೆ ಕೇಳಿ ತಲೆ ತಿರುಗುತ್ತದೆ. ಡಿಸೆಂಬರ್ 16ರ ಸುಮಾರಿಗೆ ಧನುರ್ಮಾಸ ಶುರುವಾಗುತ್ತದೆ. ಮುಹೂರ್ತ ಇಲ್ಲ, ಛತ್ರಗಳೆಲ್ಲ ಖಾಲಿ ಹೊಡೆಯುತ್ತಿರುತ್ತವೆ, ಯಜಮಾನರು ನಿಮ್ಮನ್ನು ಕೂರಿಸಿ ಕಾಫಿ ಕೊಟ್ಟು ಮಾತಾಡುತ್ತಾರೆ. ಕ್ರಿಸ್‌ಮಸ್ ವಾರಕ್ಕೆ ಮಾತ್ರ ಹೋಗಬೇಡಿ, ಕೆಜಿಎಫ್ ಕಡೆಯ ಎಷ್ಟೋ ಮಕ್ಕಳು ಬರೋಕಾಗಲ್ಲ. ಆ ನಡುವಿನ ಒಂದು ಶನಿವಾರ ನಮಗೆ ಹೊಂದಿಕೆಯಾಗಿದೆ. ಜನವರಿ ದಾಟಿದರೆ ಹತ್ತನೇ ಕ್ಲಾಸಿನವರಿಗೆ ಪೂರ್ವಸಿದ್ಧತಾ ಪರೀಕ್ಷೆಯ ಗಲಾಟೆ, ಯಾವ ಹೆಡ್‌ಮಾಸ್ಟರೂ ಕಳಿಸಲ್ಲ.

ಡಿಸೆಂಬರ್ ಇನ್ನೊಂದು ಕಾರಣಕ್ಕೂ ಒಳ್ಳೆಯದು. ನಿಯಮದ ಹಾಳೆಯನ್ನು ದಸರಾ ರಜೆಗೆ ಒಂದು ವಾರ ಮುಂಚೆ ಕೊಟ್ಟುಬಿಟ್ಟರೆ ಮಕ್ಕಳು ರಜೆಯಲ್ಲಿ ಶುರು ಮಾಡಿಕೊಳ್ಳುತ್ತಾರೆ. ಅಮೆರಿಕದ ಫಸ್ಟ್ ರೊಬೊಟಿಕ್ಸ್ ಸ್ಪರ್ಧೆಯಲ್ಲಿ ಜನವರಿಯಲ್ಲಿ ಆಟ ಹೇಳಿ ಗಾಡಿ ಕಟ್ಟೋಕೆ ಆರು ವಾರ ಕೊಡುವ ಪದ್ಧತಿ ಬಹಳ ವರ್ಷ ಇತ್ತು. ಅಲ್ಲಿಯವರಿಗೆ ಆರು ವಾರ ಸಾಕು. ನಮ್ಮಲ್ಲಿ ಒಂದು ಮೋಟಾರ್ ಡ್ರೈವರ್, ಅಂದರೆ ಬೋರ್ಡ್ ಹೇಳಿದ ಹಾಗೆ ಮೋಟಾರಿಗೆ ಕರೆಂಟ್ ಕೊಡುವ ಬಿಲ್ಲೆ, ಸುಟ್ಟರೆ ಯಾರಾದರೂ ರೈಲು ಹತ್ತಿ ಬೆಂಗಳೂರಿನಲ್ಲಿ ಎಲೆಕ್ಟ್ರಾನಿಕ್ಸ್ ಅಂಗಡಿಗಳಿರುವ ಎಸ್.ಪಿ. ರೋಡಿಗೆ ಹೋಗಿ ತರಬೇಕು, ಅದೂ ಭಾನುವಾರ ಬಿಟ್ಟು. ಹತ್ತು ವಾರ ಕೊಡಿ.

ಜೊತೆಗೇ ಬಿಇಒ ಕಚೇರಿಗೆ ಒಂದು ಪತ್ರ ಹಾಕಿ. ಕರೆದುಕೊಂಡು ಬರುವ ಮೇಷ್ಟ್ರಿಗೆ ಓಓಡಿ (ಆ ದಿನವನ್ನು ಕೆಲಸದ ದಿನ ಅಂತಲೇ ಲೆಕ್ಕ ಹಾಕುವ ಅನುಮತಿ) ಸಿಗಬೇಕು, ಇಲ್ಲದಿದ್ದರೆ ಅವರು ತಮ್ಮ ಸಿಎಲ್ ರಜೆ ಹಾಕಿ ಯಾಕೆ ಬರಬೇಕು ಹೇಳಿ. ಪೋಷಕರ ಒಪ್ಪಿಗೆ ಪತ್ರದ ಮಾದರಿಯನ್ನೂ ನೀವೇ ಅಚ್ಚು ಹಾಕಿ ಕಳಿಸಿ.

ಯಾವ ಆಟ ಅಂತ ನಿರ್ಧರಿಸುವುದು

ರೋಬೋಟ್ ಸ್ಪರ್ಧೆ ಅಂದ ಕೂಡಲೇ ಕಾಲೇಜು ಹುಡುಗರು ಬಂದು "ಸಾರ್, ರೋಬೋ ವಾರ್ ಇಡೋಣ" ಅನ್ನುತ್ತಾರೆ. ಬೇಡ. ತಿರುಗುವ ಬ್ಲೇಡು, ಹಾರುವ ತಗಡು, ಅದಕ್ಕೆ ಬೇಕಾದ ಪಾಲಿಕಾರ್ಬನೇಟ್ ಗೋಡೆ, ಇದೆಲ್ಲ ಹೈಸ್ಕೂಲು ಮಕ್ಕಳ ಛತ್ರದಲ್ಲಿ ಆಗುವ ಕೆಲಸ ಅಲ್ಲ. ಮಿನಿ ಸುಮೋ ಒಳ್ಳೆಯ ಆಟ. 500 ಗ್ರಾಂ ತೂಕ, 10 ಸೆಂಟಿಮೀಟರ್ ಉದ್ದಗಲದೊಳಗಿನ ಎರಡು ಪುಟ್ಟ ಗಾಡಿಗಳು, 77 ಸೆಂಟಿಮೀಟರಿನ ದುಂಡನೆ ಕಪ್ಪು ಕಟ್ಟೆ, ಸುತ್ತ ಬಿಳಿ ಅಂಚು, ಒಂದನ್ನೊಂದು ಕೆಳಗೆ ತಳ್ಳಬೇಕು. ನೋಡೋಕೆ ಮಜಾ. ಆದರೆ ಅಲ್ಲಿ ಪ್ರತಿ ಪಂದ್ಯದಲ್ಲೂ ಒಬ್ಬರು ಸೋಲಲೇಬೇಕು, ಅದೂ ಐದು ಸೆಕೆಂಡಿನಲ್ಲಿ. ಮೈಕ್ರೋಮೌಸ್ ಅಂತ ಇನ್ನೊಂದಿದೆ, 16ಕ್ಕೆ 16 ಮನೆಯ ಚಕ್ರವ್ಯೂಹದಲ್ಲಿ ಗಾಡಿ ತಾನೇ ದಾರಿ ಹುಡುಕಬೇಕು. ಅದು ಇಂಜಿನಿಯರಿಂಗ್ ಹುಡುಗರಿಗೇ ಬೆವರು ಇಳಿಸುತ್ತದೆ, ಬಿಟ್ಟುಬಿಡಿ.

ನಾವು ಎರಡು ವಿಭಾಗ ಮಾಡುತ್ತೇವೆ. ಆರರಿಂದ ಎಂಟನೇ ಕ್ಲಾಸಿನವರಿಗೆ ವೈರ್ ಗಾಡಿ: ಎರಡು ಬಿಒ ಮೋಟಾರ್ (ಆಟಿಕೆ ಗಾಡಿಯ ಅಗ್ಗದ ಗೇರ್ ಮೋಟಾರ್), ಮೋಟಾರನ್ನು ಎರಡೂ ದಿಕ್ಕಿಗೆ ತಿರುಗಿಸಬಲ್ಲ ಎರಡು ಡಿಪಿಡಿಟಿ ಸ್ವಿಚ್, ಮೂರು ನಾಲ್ಕು ಮೀಟರ್ ವೈರ್, ಬ್ಯಾಟರಿ. ಪ್ರೋಗ್ರಾಂ ಇಲ್ಲ, ಬೋರ್ಡ್ ಇಲ್ಲ. ಇದನ್ನು ರೋಬೋಟ್ ಅನ್ನಬಹುದಾ ಅಂತ ಕೆಲವರು ಮೂಗು ಮುರಿಯುತ್ತಾರೆ. ಮುರಿಯಲಿ. ಸ್ವಿಚ್ಚಿನ ಆರು ಕಾಲಿಗೆ ವೈರನ್ನು ಅಡ್ಡಡ್ಡ ಬೆಸುಗೆ ಹಾಕಿ ಮೋಟಾರನ್ನು ಹಿಂದೆ ಮುಂದೆ ತಿರುಗಿಸಿದ ಮಗುವಿಗೆ ಮುಂದೆ ಮೋಟಾರ್ ಡ್ರೈವರ್ ಅಂದರೇನು ಅಂತ ಹೇಳಿಕೊಡಬೇಕಾಗಿಲ್ಲ. ಒಂಬತ್ತರಿಂದ ಪಿಯುಸಿವರೆಗೆ ತಾನೇ ಓಡುವ ಗಾಡಿ, ಕಪ್ಪು ಗೆರೆ ಹಿಡಿದು ಹೋಗುವ ಲೈನ್ ಫಾಲೋವರ್.

ಬ್ಲೂಟೂತ್ ಬೇಡವೇ ಬೇಡ ಅಂತ ನನ್ನ ಅಭಿಪ್ರಾಯ. ಎಲ್ಲರೂ ತರುವುದು ಅದೇ ಎಚ್‌ಸಿ-05 ಮಾಡ್ಯೂಲು, ಎಲ್ಲದರ ಹೆಸರೂ ಸಾಮಾನ್ಯವಾಗಿ ಅದೇ, ಪಾಸ್‌ವರ್ಡೂ 1234. ಒಂದೇ ಹಾಲಿನಲ್ಲಿ ಹತ್ತು ಗಾಡಿ ಆನ್ ಮಾಡಿದರೆ ಯಾರ ಫೋನು ಯಾರ ಗಾಡಿಗೆ ಸೇರಿಕೊಂಡಿದೆ ಅಂತ ದೇವರೇ ಹೇಳಬೇಕು. ಇಡಲೇಬೇಕು ಅಂದರೆ ಪ್ರತಿ ತಂಡವೂ ಎಟಿ ಕಮಾಂಡ್ (ಮಾಡ್ಯೂಲಿನ ಸೆಟ್ಟಿಂಗ್ ಬದಲಿಸುವ ಆದೇಶ) ಕೊಟ್ಟು ಮಾಡ್ಯೂಲಿಗೆ ತನ್ನ ತಂಡದ ಸಂಖ್ಯೆಯನ್ನೇ ಹೆಸರಾಗಿ ಇಟ್ಟುಕೊಂಡು ಬರಬೇಕು ಅಂತ ನಿಯಮ ಮಾಡಿ. ಐಫೋನಿಗೆ ಅದು ಸೇರುವುದೇ ಇಲ್ಲ ಅನ್ನೋದನ್ನೂ ಬರೆಯಿರಿ.

ಆಟಕ್ಕೊಂದು ಕಥೆ

ಬರೀ ಗೆರೆ ಮೇಲೆ ಓಡು ಅಂದರೆ ಮಕ್ಕಳು ಓಡಿಸುತ್ತಾರೆ, ನೋಡುವವರು ಹತ್ತು ನಿಮಿಷಕ್ಕೆ ಆಕಳಿಸುತ್ತಾರೆ. ನಮ್ಮ ಊರಿಗೆ ಟೊಮೆಟೊ ಗೊತ್ತು, ಮಂಡಿ ಗೊತ್ತು, 15 ಕೆ.ಜಿ. ಬಾಕ್ಸ್ ಗೊತ್ತು. ಹಾಗಾಗಿ ನಮ್ಮ ಆಟದ ಹೆಸರು "ಹೊಲದಿಂದ ಮಂಡಿಗೆ". ಒಂದು ತುದಿಯಲ್ಲಿ 30 ಸೆಂಟಿಮೀಟರ್ ಚೌಕದ ಹೊಲ, ಇನ್ನೊಂದು ತುದಿಯಲ್ಲಿ ಮಂಡಿ, ನಡುವೆ ಬಳುಕಿದ ಗೆರೆ, ಗೆರೆ ಮೇಲೆ ನಾಲ್ಕು ಕಮಾನು. ಮಂಡಿಗೆ ಎರಡಡಿ ಇರುವಾಗ ಗೆರೆ ಮೇಲೆ ಒಂದು ಬಾಕ್ಸ್ ಕೂತಿರುತ್ತದೆ, ಆರು ಸೆಂಟಿಮೀಟರಿನ ರಟ್ಟಿನ ಡಬ್ಬಿ, ಒಳಗೆ ರಾಗಿ ತುಂಬಿ ನೂರು ಗ್ರಾಂ ಮಾಡಿದ್ದು. ಗಾಡಿ ಅದನ್ನು ಮೂತಿಯಿಂದ ತಳ್ಳಿಕೊಂಡು ಹೋಗಿ ಮಂಡಿಯೊಳಗೆ ಬಿಡಬೇಕು. ಮುಖ್ಯ ಅತಿಥಿಗೂ ಅರ್ಥವಾಗುತ್ತದೆ, ಅಡುಗೆಯವರೂ ಬಂದು ನಿಂತು ನೋಡುತ್ತಾರೆ. ಚಿಕ್ಕವರ ವೈರ್ ಗಾಡಿಗೂ ಇದೇ ಆಟ. ಅವರ ಮೇಜಿನಲ್ಲಿ ಗೆರೆ ಸುಮ್ನೆ ದಾರಿ ತೋರಿಸೋಕೆ.

ಎರಡನೇ ಕಥೆ ಕೆಜಿಎಫ್‌ನದು. ಗಣಿ 2001ರಲ್ಲಿ ಮುಚ್ಚಿತು, ಆದರೆ ಜಿಲ್ಲೆಯ ಯಾವ ಮಗುವಿಗೂ ಸುರಂಗ ಅಂದರೆ ವಿವರಿಸಬೇಕಾಗಿಲ್ಲ. ಗೆರೆಯ ಮೇಲೆ ರಟ್ಟಿನ ಪೆಟ್ಟಿಗೆಗಳನ್ನು ಬೋರಲು ಹಾಕಿ ಸುರಂಗ ಮಾಡಿ, ಗಾಡಿ ಒಳಗೆ ಹೋಗಿ ಆಚೆ ಬಂದರೆ ಅಂಕ. ಒಳಗೆ ಹೋದ ಗಾಡಿ ಕಾಣದೆ ಎಲ್ಲರೂ ಉಸಿರು ಬಿಗಿ ಹಿಡಿದಿರುವ ಆ ನಾಲ್ಕು ಸೆಕೆಂಡ್ ಇದೆಯಲ್ಲ, ಅದಕ್ಕೇ ದುಡ್ಡು ಕೊಡಬಹುದು. ಮೇಲಾಗಿ ಒಳಗೆ ಬಿಸಿಲು ಬೀಳಲ್ಲ. ಇದು ಯಾಕೆ ಮುಖ್ಯ ಅಂತ ಮುಂದೆ ಹೇಳುತ್ತೇನೆ.

ಅಂಕ ಹೇಗೆ ಕೊಡುವುದು

ಇಲ್ಲಿ ಜಾಸ್ತಿ ಹೊತ್ತು ಕೂತು ಯೋಚನೆ ಮಾಡಿ. "ಬೇಗ ಮುಟ್ಟಿದವರು ಗೆದ್ದರು" ಅಂತ ಒಂದೇ ಸಾಲಿನ ನಿಯಮ ಇಟ್ಟರೆ ಏನಾಗುತ್ತದೆ? ಗೆರೆ ನೋಡುವ ಎಂಟು ಸೆನ್ಸರಿನ ಪಟ್ಟಿ ಕೊಂಡವನು ಗೆಲ್ಲುತ್ತಾನೆ, ಉಳಿದವರು ಅವನ ಹಿಂದೆ ಬಿದ್ದು ವೇಗ ಏರಿಸಿ ಮೊದಲ ತಿರುವಿನಲ್ಲೇ ಹಾರಿ ಹೋಗುತ್ತಾರೆ. ಅರ್ಧ ದಾರಿ ಹೋದ ಗಾಡಿಗೂ ಅಲುಗದ ಗಾಡಿಗೂ ಒಂದೇ ಸೊನ್ನೆ.

ನಮ್ಮದು ಹೀಗಿದೆ. ಗಾಡಿ ಹೊಲದಿಂದ ಪೂರ್ತಿ ಹೊರಗೆ ಬಂದರೆ 10. ಪ್ರತಿ ಕಮಾನು ದಾಟಿದರೆ 10, ನಾಲ್ಕಕ್ಕೆ 40. ಬಾಕ್ಸ್ ಮಂಡಿಯೊಳಗೆ ಸೇರಿದರೆ 25. ಮಂಡಿಯಲ್ಲಿ ತಾನಾಗೇ ನಿಂತರೆ 10. ಅಲ್ಲಿಂದ ತಿರುಗಿ ಹೊಲಕ್ಕೆ ವಾಪಸ್ ಬಂದರೆ 15. ಒಟ್ಟು ನೂರು. ಕೈಯಿಂದ ಮುಟ್ಟಿದರೆ 5 ಕಳೆಯುತ್ತೇವೆ, ಕೊನೆಗೆ ದಾಟಿದ ಕಮಾನಿನಿಂದ ಮತ್ತೆ ಶುರು ಮಾಡಬಹುದು. ಕಳೆದು ಕಳೆದು ಸೊನ್ನೆಗಿಂತ ಕೆಳಗೆ ಮಾತ್ರ ಇಳಿಸಲ್ಲ. ಸಮಯ ಎರಡು ನಿಮಿಷ. ಇಬ್ಬರಿಗೆ ಸಮ ಅಂಕ ಬಂದಾಗ ಮಾತ್ರ ಗಡಿಯಾರ ನೋಡುವುದು.

ಮೊದಲ 10 ಅಂಕ ತೀರಾ ಸುಲಭ ಆಯ್ತು, ಕೊಡಬಾರದು ಅಂತ ನಮ್ಮಲ್ಲೇ ಜಗಳ ಆಗಿತ್ತು. ಗಾಡಿ ಒಂದಡಿ ಮುಂದೆ ಬಂತು ಅಂದರೆ ಬ್ಯಾಟರಿ, ಬೋರ್ಡ್, ಡ್ರೈವರ್, ಮೋಟಾರ್, ವೈರು ಎಲ್ಲ ಸರಿಯಾಗಿ ಕೂಡಿಕೊಂಡಿವೆ ಅಂತ ಅರ್ಥ. ಕೆಲಸದ ಮುಕ್ಕಾಲು ಪಾಲು ಅದೇ ಅಲ್ವಾ? ಕೊನೆಯ 15 ತುಂಬಾ ಕಷ್ಟ ಇರಲಿ. ಜಾಣ ತಂಡಕ್ಕೂ ಏನಾದರೂ ಬೇಕಲ್ಲ.

ಓಟದ ಅಂಕದ ಹೊರಗೆ ಒಂದು ಬೇರೆ ಬಹುಮಾನ ಇಡಿ, ನೋಟ್‌ಬುಕ್ಕಿಗೆ. ಮಾಡಿದ್ದು, ಸುಟ್ಟದ್ದು, ಮತ್ತೆ ಮಾಡಿದ್ದು, ಎಷ್ಟು ಖರ್ಚಾಯಿತು, ಎಲ್ಲ ಒಂದು ಲಾಂಗ್ ಬುಕ್ಕಿನಲ್ಲಿ ತಾರೀಖು ಹಾಕಿ ಬರೆದಿರಬೇಕು. ಕೈಬರಹ ಕೆಟ್ಟದಾಗಿದ್ದರೂ ನಡೆಯುತ್ತದೆ. ಅಪ್ಪನೋ ಅಂಗಡಿಯವನೋ ಮಾಡಿಕೊಟ್ಟ ಗಾಡಿಯನ್ನು ಕಂಡುಹಿಡಿಯೋಕೂ ಇದೇ ದಾರಿ. ನೋಟ್‌ಬುಕ್ ನೋಡುತ್ತಾ ಒಂದು ವೈರ್ ಕಿತ್ತು ಕೈಗೆ ಕೊಟ್ಟು "ಇದು ಎಲ್ಲಿಗಪ್ಪಾ?" ಅನ್ನಿ, ಸಾಕು.

ಟ್ರ್ಯಾಕ್

ಎಂಟಡಿಗೆ ನಾಲ್ಕಡಿಯ ಪ್ಲೈವುಡ್ ಒಂದು ಹಾಳೆಗೆ ಒಂದು ಟ್ರ್ಯಾಕ್. ಛತ್ರದ ಊಟದ ಟೇಬಲ್ ಜೋಡಿಸಿ ಅದರ ಮೇಲಿಟ್ಟರೆ ಎಲ್ಲರಿಗೂ ಕಾಣುತ್ತದೆ. ಅಂಚಿಗೆ ಎರಡಿಂಚಿನ ಮರದ ರೀಪರ್ ಪಟ್ಟಿ ಹೊಡೆಯಿರಿ, ಗಾಡಿ ಕೆಳಗೆ ಬಿದ್ದು ಚೂರಾಗಬಾರದು.

ಮೇಲೆ ಏನು ಹಾಸುವುದು? ಫ್ಲೆಕ್ಸ್ ಸುಲಭ, ಆದರೆ ಎರಡು ಎಚ್ಚರಿಕೆ. ಮಿರಿಮಿರಿ ಮಿಂಚುವ ಫ್ಲೆಕ್ಸ್ ಬೇಡ, ಮ್ಯಾಟ್ ಕೇಳಿ. ಇನ್ನೊಂದು ಸಂಗತಿ ಎಷ್ಟೋ ಜನಕ್ಕೆ ಗೊತ್ತೇ ಇರಲ್ಲ: ಕಣ್ಣಿಗೆ ಕಪ್ಪಾಗಿ ಕಾಣುವ ಎಲ್ಲ ಶಾಯಿಯೂ ಸೆನ್ಸರಿಗೆ ಕಪ್ಪಲ್ಲ. ಗಾಡಿಯ ಸೆನ್ಸರ್ ನೋಡುವುದು ಇನ್‌ಫ್ರಾರೆಡ್ ಬೆಳಕನ್ನು. ಇಂಗಾಲದ ಕಪ್ಪು ಆ ಬೆಳಕನ್ನು ಹೀರಿಕೊಳ್ಳುತ್ತದೆ. ಬಣ್ಣ ಬಣ್ಣ ಬೆರೆಸಿ ಮಾಡಿದ ಕಪ್ಪು ವಾಪಸ್ ಎಸೆಯಬಹುದು, ಆಗ ಸೆನ್ಸರಿಗೆ ಗೆರೆಯೇ ಇಲ್ಲ. ಅದಕ್ಕೆ ಪೂರ್ತಿ ಪ್ರಿಂಟ್ ಹಾಕಿಸುವ ಮುಂಚೆ ಒಂದಡಿ ತುಂಡು ಹಾಕಿಸಿ, ಸೆನ್ಸರ್ ಹಿಡಿದು ನೋಡಿ. ತಲೆನೋವೇ ಬೇಡ ಅಂದರೆ ಬಿಳಿ ಮ್ಯಾಟ್ ಫ್ಲೆಕ್ಸ್ ಮೇಲೆ ಕರೆಂಟ್ ಅಂಗಡಿಯ ಕಪ್ಪು ಇನ್ಸುಲೇಷನ್ ಟೇಪ್ ಅಂಟಿಸಿ, ಸಾಮಾನ್ಯವಾಗಿ ಅದು 18 ಮಿಲಿಮೀಟರ್ ಅಗಲ. ಎಳೆದು ಅಂಟಿಸಬೇಡಿ. ಎಳೆದ ಟೇಪ್ ರಾತ್ರಿಯಲ್ಲಿ ಕುಗ್ಗಿ ತಿರುವಿನಲ್ಲಿ ಎದ್ದು ನಿಲ್ಲುತ್ತದೆ.

ಹಾಳೆಯಲ್ಲಿ 18 ಅಂತ ಬರೆದು ಟ್ರ್ಯಾಕಿನಲ್ಲಿ 30 ಹಾಕಬೇಡಿ. ನಾವು ಹಾಕಿದ್ದೇವೆ, "ದಪ್ಪ ಇದ್ದರೆ ಒಳ್ಳೆಯದಲ್ವಾ" ಅಂತ. ಎರಡೇ ಸೆನ್ಸರಿನ ಗಾಡಿಯಲ್ಲಿ ಸೆನ್ಸರುಗಳು ಗೆರೆಯ ಆಚೆ ಒಂದು, ಈಚೆ ಒಂದು ಕೂತಿರುತ್ತವೆ. ಗೆರೆ ದಪ್ಪ ಆದರೆ ಎರಡೂ ಕಪ್ಪಿನ ಮೇಲೆ ಬೀಳುತ್ತವೆ, ಎರಡೂ ಕಪ್ಪು ಅಂದರೆ ನಿಲ್ಲು ಅಂತ ಮಕ್ಕಳು ಬರೆದಿರುತ್ತಾರೆ, ಗಾಡಿ ನಿಲ್ಲುತ್ತದೆ. ಗಾಡಿ ಹೇಳಿದ ಮಾತು ಕೇಳಿತು, ನಾವು ಕೊಟ್ಟ ಮಾತು ತಪ್ಪಿದೆವು, ಅಷ್ಟೆ. ಹಾಗೆಯೇ ತಿರುವಿನ ರೇಡಿಯಸ್ 15 ಸೆಂಟಿಮೀಟರಿಗಿಂತ ಕಡಿಮೆ ಬೇಡ, ನೇರ ಮೂಲೆ ಬೇಡ, ಗೆರೆ ಮೇಲೆ ಗೆರೆ ಹಾಯುವ ಜಾಗ ಇದ್ದರೆ ಅದು ಎಲ್ಲಿ ಅಂತ ಚಿತ್ರದಲ್ಲಿ ಮೊದಲೇ ತೋರಿಸಿ.

ಈಗ ಬಿಸಿಲಿನ ವಿಚಾರ. ಬಿಸಿಲಿನಲ್ಲಿ ಇನ್‌ಫ್ರಾರೆಡ್ ಧಾರಾಳವಾಗಿ ಇರುತ್ತದೆ. ಕಿಟಕಿ ಪಕ್ಕ ಟ್ರ್ಯಾಕ್ ಇಟ್ಟರೆ ಬೆಳಿಗ್ಗೆ ಹತ್ತಕ್ಕೆ ಚೆನ್ನಾಗಿ ಓಡಿದ ಗಾಡಿ ಹನ್ನೊಂದೂವರೆಗೆ, ಬಿಸಿಲು ಮೇಜಿನ ಮೇಲೆ ಬಂದಾಗ, ದಿಕ್ಕು ತಪ್ಪಿ ಅಲೆಯುತ್ತದೆ. ಮಗು ಪ್ರೋಗ್ರಾಂ ತಪ್ಪಿದೆ ಅಂದುಕೊಂಡು ಸರಿ ಇದ್ದದ್ದನ್ನು ಕೆಡಿಸಿಕೊಳ್ಳುತ್ತದೆ. ಹಾಲಿನ ನಡುವೆ ಟ್ಯೂಬ್‌ಲೈಟ್ ಇಲ್ಲವೇ ಎಲ್ಇಡಿ ಕೆಳಗೆ ಇಡಿ, ಕಿಟಕಿಗೆ ಶಾಮಿಯಾನದ ಬಟ್ಟೆ ಕಟ್ಟಿಸಿ. ಇನ್ನೊಬ್ಬ ಶತ್ರು ವಿಡಿಯೋದವರು. ಅವರ ಹಳೆಯ ಹ್ಯಾಲೋಜನ್ ಫೋಕಸ್ ಲೈಟು ಬಿದ್ದ ಕೂಡಲೇ ಗಾಡಿಗೆ ದೆವ್ವ ಹಿಡಿದ ಹಾಗೆ ಆಗುತ್ತದೆ. ಟ್ರ್ಯಾಕ್ ಹತ್ತಿರ ಆ ಲೈಟ್ ಬೇಡ ಅಂತ ಅಡ್ವಾನ್ಸ್ ಕೊಡುವಾಗಲೇ ಹೇಳಿ.

ಅದೇ ಫ್ಲೆಕ್ಸ್, ಅದೇ ಟೇಪು, ಅದೇ ಬೆಳಕಿನಲ್ಲಿ ಮೂರಡಿಯ ಒಂದು ಅಭ್ಯಾಸದ ಪಟ್ಟಿಯನ್ನೂ ಪಕ್ಕದಲ್ಲಿಡಿ. ಸೆನ್ಸರಿನ ಮೇಲಿರುವ ಪ್ರಿಸೆಟ್ ಅನ್ನುವ ಪುಟ್ಟ ನೀಲಿ ತಿರುಪನ್ನು ತಿರುಗಿಸಿ ಹೊಂದಿಸಿಕೊಳ್ಳುವುದು ಅಲ್ಲೇ ಆಗಬೇಕು, ಊರಿನಲ್ಲಿ ಮನೆಯ ನೆಲದ ಮೇಲೆ ಹೊಂದಿಸಿದ್ದು ಇಲ್ಲಿ ನಡೆಯಲ್ಲ.

ನಿಯಮದ ಹಾಳೆ, ಸಾಮಾನು

ಎರಡು ಪುಟ, ಕನ್ನಡದಲ್ಲಿ, ಅಳತೆ ಹಾಕಿದ ಚಿತ್ರದ ಜೊತೆ. ಒಮ್ಮೆ ಕೊಟ್ಟ ಮೇಲೆ ಬದಲಾಯಿಸಬೇಡಿ. ಗಾಡಿ 25 ಸೆಂಟಿಮೀಟರ್ ಉದ್ದಗಲದೊಳಗೆ ಇರಬೇಕು. ತಂಡಕ್ಕೆ ಮೂವರು. ಒಟ್ಟು ಖರ್ಚು ಎರಡು ಸಾವಿರ ರೂಪಾಯಿ ದಾಟಬಾರದು ಅಂತ ನಾವು ಮಿತಿ ಹಾಕಿದ್ದೇವೆ, ಬಿಲ್ಲನ್ನು ನೋಟ್‌ಬುಕ್ಕಿನಲ್ಲಿ ಅಂಟಿಸಬೇಕು. ಎದ್ದು ಕಾಣುವ ಆನ್-ಆಫ್ ಸ್ವಿಚ್ ಇರಬೇಕು.

ಬ್ಯಾಟರಿ ಬಗ್ಗೆ ದಪ್ಪ ಅಕ್ಷರದಲ್ಲಿ ಬರೆಯಿರಿ. 9 ವೋಲ್ಟಿನ ಚೌಕ ಬೇಡ. 18650 ಅನ್ನುವ ಲಿಥಿಯಂ ಸೆಲ್ ಎರಡು ಸಾಲಾಗಿ ಹಾಕಿದರೆ 7.4 ವೋಲ್ಟ್, ಪೂರ್ತಿ ಚಾರ್ಜ್ ಆದಾಗ 8.4. ಎಲ್298ಎನ್ ಅನ್ನುವ ಮೋಟಾರ್ ಡ್ರೈವರ್ ಅದರಲ್ಲಿ ಸುಮಾರು ಎರಡು ವೋಲ್ಟ್ ತಾನೇ ತಿನ್ನುತ್ತದೆ, ಉಳಿದದ್ದು ಬಿಒ ಮೋಟಾರಿಗೆ ಸರಿಯಾಗಿ ಸಾಕಾಗುತ್ತದೆ. ಹಳೆ ಲ್ಯಾಪ್‌ಟಾಪಿನಿಂದ ಕಿತ್ತ ಸೆಲ್ಲು, ಊದಿದ ಸೆಲ್ಲು, ಹೊದಿಕೆ ಹರಿದ ಸೆಲ್ಲು ಬೇಡ. ಲಿಥಿಯಂ ಸೆಲ್ಲನ್ನು ಜೇಬಿನಲ್ಲಿ ಚಿಲ್ಲರೆ ಜೊತೆ ಇಟ್ಟುಕೊಂಡರೆ ಶಾರ್ಟ್ ಆಗಿ ತೊಡೆ ಸುಡುತ್ತದೆ, ಇದನ್ನು ಹಾಗೇ ಬರೆಯಿರಿ, ಮಕ್ಕಳು ಮರೆಯಲ್ಲ.

ಎಲ್ಲ ಶಾಲೆಯೂ ಒಂದೇ ಅಲ್ಲ. ಕೆಲವು ಶಾಲೆಯಲ್ಲಿ ಅಟಲ್ ಟಿಂಕರಿಂಗ್ ಲ್ಯಾಬ್ ಇದೆ. ನೀತಿ ಆಯೋಗದ ಆ ಯೋಜನೆಯಲ್ಲಿ ಒಂದು ಶಾಲೆಗೆ 20 ಲಕ್ಷದವರೆಗೆ ಅನುದಾನ ಇರುತ್ತದೆ, ಆರರಿಂದ ಹನ್ನೆರಡನೇ ಕ್ಲಾಸಿನವರಿಗೆ. ಪಕ್ಕದ ಊರಿನ ಶಾಲೆಯಲ್ಲಿ ಸ್ಕ್ರೂಡ್ರೈವರ್ ಬೇಕಂದ್ರೂ ಸೈಕಲ್ ಶಾಪಿಗೆ ಹೋಗಬೇಕು. ಲ್ಯಾಬ್ ಇರುವ ಶಾಲೆಯ ಮೇಷ್ಟ್ರಿಗೆ ಫೋನ್ ಮಾಡಿ, ವಾರಕ್ಕೆ ಒಂದು ಸಂಜೆ ಬೇರೆ ಶಾಲೆ ಮಕ್ಕಳಿಗೂ ಬಾಗಿಲು ತೆಗೆಯಿರಿ ಅಂತ ಕೇಳಿ. ನಾವು ಹತ್ತು ಕಿಟ್ ಕೊಂಡು ಸಾಲ ಕೊಡುತ್ತೇವೆ, ಶಾಲೆಯ ಹೆಸರಿನಲ್ಲಿ ರಿಜಿಸ್ಟರಿನಲ್ಲಿ ಸಹಿ ಮಾಡಿಸಿಕೊಂಡು. ಟ್ರೋಫಿ ಸಣ್ಣದು ಮಾಡಿದರೆ ಕಿಟ್ಟಿಗೆ ದುಡ್ಡು ಉಳಿಯುತ್ತದೆ.

ಸ್ಪರ್ಧೆಗೆ ಒಂದು ತಿಂಗಳಿರುವಾಗ ಒಂದು ಭಾನುವಾರ ಎಲ್ಲರನ್ನೂ ಕರೆದು ಕಾರ್ಯಾಗಾರ ಮಾಡಿ. ಭಾಷಣ ಬೇಡ. ಗಾಡಿ ತನ್ನಿ, ಓಡಿಸಿ, ಓಡದಿದ್ದರೆ ಯಾಕೆ ಅಂತ ನೋಡೋಣ, ಅಷ್ಟೆ. ಹತ್ತಕ್ಕೆ ಐದು ಗಾಡಿಯಲ್ಲಿ ಡ್ರೈವರಿನ ಗ್ರೌಂಡು (ಮೈನಸ್ ಕಡೆ) ಮತ್ತು ಆರ್ಡುಯಿನೋ ಬೋರ್ಡಿನ ಗ್ರೌಂಡು ಜೋಡಿಸಿಯೇ ಇರಲ್ಲ. ಒಂದು ವೈರ್ ಹಾಕಿದರೆ ಜೀವ ಬರುತ್ತದೆ. ಮುಳಬಾಗಿಲು, ಶ್ರೀನಿವಾಸಪುರದ ಕಡೆ ಮನೆಯಲ್ಲಿ ತೆಲುಗು ಮಾತಾಡುವ ಮಕ್ಕಳು ಬಹಳ. ಹೇಳಿಕೊಡುವವರಲ್ಲಿ ಇಬ್ಬರಿಗಾದರೂ ತೆಲುಗು ಬರಲಿ, ಅನುಮಾನವನ್ನು ಮಕ್ಕಳು ಮನೆಮಾತಿನಲ್ಲೇ ಬೇಗ ಕೇಳುತ್ತಾರೆ.

ಹೊತ್ತಿನ ಲೆಕ್ಕ

ಇದನ್ನು ಕಾಗದದ ಮೇಲೆ ಮಾಡಿ, ತಲೆಯಲ್ಲಿ ಬೇಡ. 24 ತಂಡ, ಒಬ್ಬೊಬ್ಬರಿಗೆ ಮೂರು ಓಟ, ಓಟಕ್ಕೆ ಎರಡು ನಿಮಿಷ, ಗಾಡಿ ಇಟ್ಟು ತೆಗೆಯೋಕೆ ಇನ್ನೆರಡು. ಒಂದೇ ಟ್ರ್ಯಾಕ್ ಇದ್ದರೆ 288 ನಿಮಿಷ, ಹತ್ತಿರ ಹತ್ತಿರ ಐದು ಗಂಟೆ. ಚಿಕ್ಕವರಿಗೊಂದು, ದೊಡ್ಡವರಿಗೊಂದು ಅಂತ ಎರಡು ಟ್ರ್ಯಾಕ್ ಇಟ್ಟು, ಹನ್ನೆರಡು ಹನ್ನೆರಡು ತಂಡ ಹಂಚಿದರೆ 144 ನಿಮಿಷ. ಒಂಬತ್ತರಿಂದ ಹತ್ತೂವರೆ ತಪಾಸಣೆ, 10:45ಕ್ಕೆ ಓಟ ಶುರು, ಒಂದು ಕಾಲಿಗೆ ಊಟ. ಎರಡು ಗಂಟೆಗೆ ಪ್ರತಿ ವಿಭಾಗದಲ್ಲಿ ಮೊದಲ ನಾಲ್ಕು ತಂಡದ ಫೈನಲ್, ಎರಡೆರಡು ಓಟ. ಮೂರೂಕಾಲಿಗೆ ಬಹುಮಾನ. ನಾಲ್ಕಕ್ಕೆ ಮಕ್ಕಳು ಬಸ್‌ಸ್ಟ್ಯಾಂಡಿನಲ್ಲಿ ಇರಬೇಕು, ಡಿಸೆಂಬರಿನಲ್ಲಿ ಬೇಗ ಕತ್ತಲಾಗುತ್ತದೆ.

ಎಲ್ಲರಿಗೂ ಮೂರು ಓಟ ಕೊಡಿ, ಮೂರರಲ್ಲಿ ಒಳ್ಳೆಯ ಎರಡನ್ನು ಕೂಡಿಸಿ. ಮೊದಲಿನಿಂದಲೇ ನಾಕೌಟ್ ಇಟ್ಟರೆ ಹನ್ನೊಂದಕ್ಕೆ ಅರ್ಧ ಮಕ್ಕಳು ಸೋತು ಮೂಲೆಯಲ್ಲಿ ಮೊಬೈಲ್ ನೋಡುತ್ತಾ ಕೂರುತ್ತಾರೆ. ಮೊದಲ ಓಟದಲ್ಲಿ ಕೆಟ್ಟದ್ದನ್ನು ಸರಿ ಮಾಡಿ ಮೂರನೆಯದರಲ್ಲಿ ಓಡಿಸುವುದು, ನಿಜವಾಗಿ ಕಲಿಯುವುದು ಅಲ್ಲೇ.

ಹೊತ್ತು ನುಂಗುವುದು ವೇದಿಕೆ. ಒಂದು ವರ್ಷ ದೀಪ ಹಚ್ಚುವುದು, ಸ್ವಾಗತ, ಶಾಲು, ಹಾರ, ಭಾಷಣ ಮುಗಿಯುವ ಹೊತ್ತಿಗೆ ಹನ್ನೆರಡೂಕಾಲು ಆಗಿತ್ತು, ಮಕ್ಕಳು ಗಾಡಿ ಹಿಡಿದು ನಿಂತೇ ಇದ್ದರು. ಈಗ ಅತಿಥಿಗಳನ್ನು ಮೂರು ಗಂಟೆಗೇ ಕರೆಯುತ್ತೇವೆ. ಫೈನಲ್‌ನ ಕೊನೆಯ ಓಟ ನೋಡುತ್ತಾರೆ, ಬಹುಮಾನ ಕೊಡುತ್ತಾರೆ, ಬಸ್ಸಿನ ಹೊತ್ತು ಹತ್ತಿರ ಬಂದಿರುವುದರಿಂದ ಮಾತೂ ತಾನಾಗೇ ಚಿಕ್ಕದಾಗುತ್ತದೆ.

ತಪಾಸಣೆ ಮೇಜು

ಸ್ಪರ್ಧೆ ಗೆಲ್ಲುವುದೂ ಕೆಡುವುದೂ ಈ ಮೇಜಿನ ಮೇಲೆ. ಇಲ್ಲಿ ನಿಮ್ಮ ಕೈಲಿರುವ ಅತ್ಯಂತ ತಾಳ್ಮೆಯ ಮನುಷ್ಯನನ್ನು ಕೂರಿಸಿ. ಐಟಿಐ ಅಥವಾ ಡಿಪ್ಲೊಮಾದ ಮೇಷ್ಟ್ರು ಒಬ್ಬರು ಸಿಕ್ಕರೆ ಪುಣ್ಯ. ತಳ ಇಲ್ಲದ ರಟ್ಟಿನ ಪೆಟ್ಟಿಗೆ, ಒಳಗೆ ಸರಿಯಾಗಿ 25 ಸೆಂಟಿಮೀಟರ್, ಗಾಡಿ ಮೇಲೆ ಹಾಕಿ ನೋಡುವುದು, ಟೇಪು ಹಿಡಿದು ವಾದ ಮಾಡಬೇಕಾಗಿಲ್ಲ. ಒಂದು ಮಲ್ಟಿಮೀಟರ್. ಬ್ಯಾಟರಿ ನೋಡಿ, 7 ವೋಲ್ಟಿಗಿಂತ ಕೆಳಗಿದ್ದರೆ ಚಾರ್ಜಿಗೆ ಕಳಿಸಿ. ಸೆನ್ಸರ್ ಉರಿಯುತ್ತಿದೆಯಾ ಅಂತ ಬರಿಗಣ್ಣಿಗೆ ಕಾಣಲ್ಲ. ಫೋನಿನ ಕ್ಯಾಮೆರಾ ಹಿಡಿದರೆ ನೇರಳೆ ಬಣ್ಣದ ಸಣ್ಣ ಬೆಳಕು ಕಾಣುತ್ತದೆ. ಕೆಲವು ಫೋನಿನಲ್ಲಿ ಹಿಂದಿನ ಕ್ಯಾಮೆರಾದಲ್ಲಿ ಕಾಣದೆ ಸೆಲ್ಫಿ ಕ್ಯಾಮೆರಾದಲ್ಲಿ ಕಾಣುತ್ತದೆ.

ಪಾಸಾಗದ ಗಾಡಿಯನ್ನು ಹೊರಗೆ ಹಾಕಬೇಡಿ, ಪಕ್ಕದ ರಿಪೇರಿ ಮೇಜಿಗೆ ಕಳಿಸಿ. ಅಲ್ಲಿ ಸೋಲ್ಡರಿಂಗ್ ಐರನ್, ಗ್ಲೂ ಗನ್, ಜಂಪರ್ ವೈರು, ಹೆಚ್ಚುವರಿ ಮೋಟಾರು, ಡ್ರೈವರು, ಒಂದೆರಡು ಆರ್ಡುಯಿನೋ ಊನೋ ಬೋರ್ಡು ಇರಲಿ. ಪ್ರಿಂಟರ್ ಕೇಬಲ್ ಅಂತೀವಲ್ಲ, ಊನೋಗೆ ಅದೇ ಬೇಕು, ಐದಾರು ತನ್ನಿ, ಎಲ್ಲರೂ ಮನೆಯಲ್ಲೇ ಮರೆತಿರುತ್ತಾರೆ. ಅಗ್ಗದ ಊನೋ ಬೋರ್ಡುಗಳಲ್ಲಿ ಕಂಪ್ಯೂಟರಿನ ಜೊತೆ ಮಾತಾಡೋಕೆ ಸಿಎಚ್340 ಚಿಪ್ ಇರುತ್ತದೆ. ಎಷ್ಟೋ ಹಳೆಯ ಲ್ಯಾಪ್‌ಟಾಪಿನಲ್ಲಿ ಅದರ ಡ್ರೈವರ್ ಸಾಫ್ಟ್‌ವೇರ್ ಇರಲ್ಲ, ಛತ್ರದಲ್ಲಿ ನೆಟ್ ಸಿಗಲ್ಲ. ಪೆನ್‌ಡ್ರೈವಿಗೆ ಹಾಕಿಕೊಂಡು ಬನ್ನಿ. ಈ ಒಂದು ಫೈಲು ಎಷ್ಟೋ ತಂಡವನ್ನು ಉಳಿಸಿದೆ.

ಚಾರ್ಜಿಂಗ್‌ಗೆ ಬೇರೆ ಮೇಜು, ಪಕ್ಕದಲ್ಲಿ ಒಂದು ಬಕೆಟ್ ಮರಳು, ಯಾವಾಗಲೂ ಒಬ್ಬರು ದೊಡ್ಡವರು. ಇನ್ನು ಕರೆಂಟು. 1902ರಲ್ಲೇ ಶಿವನಸಮುದ್ರದಿಂದ ಕೆಜಿಎಫ್ ಗಣಿಗೆ ಕರೆಂಟ್ ಬಂದ ಜಿಲ್ಲೆ ನಮ್ಮದು. ಆದರೂ ಸ್ಪರ್ಧೆಯ ದಿನ ಅದನ್ನು ನಂಬಬೇಡಿ. ಛತ್ರದ ಜನರೇಟರಿಗೆ ಡೀಸೆಲ್ ಇದೆಯಾ ಅಂತ ಹಿಂದಿನ ದಿನವೇ ನೀವೇ ಹೋಗಿ ನೋಡಿ. ಅಡುಗೆ ಮನೆಯ ಗ್ರೈಂಡರ್ ಮತ್ತು ನಿಮ್ಮ ಟ್ರ್ಯಾಕಿನ ಲೈಟು ಒಂದೇ ಲೈನಿನಲ್ಲಿ ಇರಬಾರದು. ನಮಗೆ ಚಟ್ನಿ ರುಬ್ಬಿದಾಗಲೆಲ್ಲ ಎಂಸಿಬಿ ಬೀಳುತ್ತಿತ್ತು.

ತೀರ್ಪು, ಜಗಳ

ಪ್ರತಿ ಟ್ರ್ಯಾಕಿಗೆ ಇಬ್ಬರು ತೀರ್ಪುಗಾರರು, ಒಬ್ಬರು ಗಡಿಯಾರದವರು. ತಮ್ಮದೇ ಶಾಲೆಯ ತಂಡ ಬಂದಾಗ ತೀರ್ಪುಗಾರರು ಎದ್ದು ಬೇರೆಯವರಿಗೆ ಜಾಗ ಬಿಡಬೇಕು. ಓಟ ಮುಗಿದ ಕೂಡಲೇ ಅಂಕ ಜೋರಾಗಿ ಓದಿ, ದೊಡ್ಡ ಬೋರ್ಡಿನ ಮೇಲೆ ಬರೆದು, ತಂಡದ ನಾಯಕನ ಸಹಿ ಹಾಕಿಸಿ. ಕಂಪ್ಯೂಟರಿನಲ್ಲಿ ಬೇಕಾದರೆ ಜೊತೆಗೆ ಹಾಕಿಕೊಳ್ಳಿ, ಆದರೆ ಎಲ್ಲರ ಕಣ್ಣಿಗೂ ಬೀಳುವ ಬೋರ್ಡ್ ಇದ್ದರೆ ಅನುಮಾನವೇ ಹುಟ್ಟಲ್ಲ. ತಕರಾರು ಇದ್ದರೆ ಮುಂದಿನ ಗಾಡಿ ಇಡುವ ಮುಂಚೆ, ಮಗುವೇ ಬಂದು ಹೇಳಬೇಕು. ಮೇಷ್ಟ್ರು, ಅಪ್ಪ ಅಮ್ಮ ಹಗ್ಗದ ಆಚೆ. ಜೋರು ಜಗಳ ಮಾಡುವುದು ಮಕ್ಕಳಲ್ಲ, ನಾವೇ. ನನ್ನ ತಂಡಕ್ಕೆ ಒಮ್ಮೆ 5 ಅಂಕ ಕಳೆದಾಗ ನಾನೂ ಹಗ್ಗ ದಾಟಿ ಹೋಗಿದ್ದೆ, ಒಂಬತ್ತನೇ ಕ್ಲಾಸಿನ ಹುಡುಗಿ "ಬಿಡಿ ಸಾರ್, ಕೈ ತಾಗಿತ್ತು" ಅಂದಳು.

ಮುಗಿದ ಮೇಲೆ

ಅವತ್ತೇ ಸಂಜೆ, ಸುಸ್ತಾಗಿದ್ದರೂ, ಮೂರು ಕೆಲಸ ಮಾಡಿ. ಫ್ಲೆಕ್ಸನ್ನು ಮಡಚಬೇಡಿ, ಪಿವಿಸಿ ಪೈಪಿಗೆ ಸುತ್ತಿಡಿ. ಮಡಚಿದ ಗೆರೆ ಮುಂದಿನ ವರ್ಷ ಗಾಡಿಯ ಚಕ್ರಕ್ಕೆ ಹಂಪ್ ಆಗುತ್ತದೆ. ಸಾಲ ಕೊಟ್ಟ ಕಿಟ್ಟಿನ ಸೆಲ್ಲುಗಳನ್ನು ಗಾಡಿಯಿಂದ ತೆಗೆದು, ಪೂರ್ತಿ ತುಂಬಿಸದೆ ಪೂರ್ತಿ ಬರಿದೂ ಮಾಡದೆ ಅರ್ಧ ಚಾರ್ಜಿನಲ್ಲಿ ಎತ್ತಿಡಿ. ಮತ್ತೆ, ಟೊಮೆಟೊ ಬಾಕ್ಸುಗಳೊಳಗಿನ ರಾಗಿಯನ್ನು ಸುರಿದುಬಿಡಿ. ನಾವು ಒಂದು ವರ್ಷ ಹಾಗೇ ಸ್ಟೋರ್ ರೂಮಿನಲ್ಲಿ ಇಟ್ಟಿದ್ದೆವು, ಮುಂದಿನ ಡಿಸೆಂಬರಿಗೆ ಬಾಗಿಲು ತೆಗೆದರೆ ಇಲಿಗಳು ಬಾಕ್ಸು, ರಾಗಿ, ಜೊತೆಗೆ ಎರಡು ಬಂಡಲ್ ಜಂಪರ್ ವೈರನ್ನೂ ಮುಗಿಸಿದ್ದವು. ಈಗ ಮರಳು ತುಂಬುತ್ತೇವೆ.